ಚೀನೀ ಪದಗಳ ಕಲಿಕೆಗೆ ಆ್ಯಪ್‌ನ ಆಯ್ಕೆ: ವರ್ತಕರು ಗಮನಿಸಬೇಕಾದ ಅಂಶಗಳು

ಚೀನಾದೊಡನೆ ನಮ್ಮ ದೇಶದ ವ್ಯಾಪಾರ ಸಂಬಂಧವು ರಾಜಕೀಯದ ಏರಿಳಿತಗಳ ನಡುವೆಯೂ ಬೆಳೆಯುತ್ತಲೇ ಬಂದಿದೆ. 2024-25ನೇ ಆರ್ಥಿಕ ವರ್ಷದಲ್ಲಿ ಭಾರತವು ಚೀನಾದಿಂದ ಮಾಡಿಕೊಂಡ ಆಮದು 113 ಶತಕೋಟಿ ಡಾಲರ್‌ಗೂ ಮಿಗಿಲು. ಇದರಲ್ಲಿ ದೊಡ್ಡ ಕಂಪನಿಗಳ ಪಾಲು ಹೆಚ್ಚಿನದಾದರೂ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿಂದ ಹಿಡಿದು ಪೀಣ್ಯದ ಸಣ್ಣ ಕಾರ್ಖಾನೆಗಳವರೆಗೆ ಚೀನೀ ಸರಕು ತಲುಪದ ಮಳಿಗೆ ವಿರಳ. 2020ರಲ್ಲಿ ನಿಂತುಹೋಗಿದ್ದ ನೇರ ವಿಮಾನ ಸಂಚಾರವು 2025ರ ಅಕ್ಟೋಬರ್ 26ರಂದು ಕೋಲ್ಕತ್ತ-ಗುವಾಂಗ್‌ಝೌ ಮಾರ್ಗದಲ್ಲಿ ಪುನರಾರಂಭಗೊಂಡ ನಂತರ, 1957ರಿಂದ ನಡೆದುಬಂದಿರುವ ಕ್ಯಾಂಟನ್ ಮೇಳಕ್ಕೂ ಸಣ್ಣ ಸಾಮಾನುಗಳ ಸಗಟು ಪೇಟೆಯಾದ ಯೀವೂ ನಗರಕ್ಕೂ ಖುದ್ದಾಗಿ ಹೋಗಿಬರುವ ಉತ್ಸಾಹ ನಮ್ಮ ವರ್ತಕರಲ್ಲಿ ಮತ್ತೆ ಮೂಡಿದೆ.

ಹೀಗೆ ಹೋಗುವವರು ನಾಲ್ಕಾರು ಚೀನೀ ಪದಗಳನ್ನಾದರೂ ಕಲಿತುಕೊಳ್ಳಬೇಕೆಂದು ಮೊಬೈಲ್ ದೂರವಾಣಿಯಲ್ಲಿ ಹುಡುಕಿದರೆ ಡಜನ್ನುಗಟ್ಟಲೆ ಆ್ಯಪ್‌ಗಳು ಎದುರಾಗುತ್ತವೆ. ಎಲ್ಲವೂ ತಾವೇ ಶ್ರೇಷ್ಠವೆಂದು ಹೇಳಿಕೊಳ್ಳುತ್ತವೆ. ಯಂತ್ರವೊಂದನ್ನು ಕೊಳ್ಳುವಾಗ ತೋರುವ ವಿವೇಚನೆಯನ್ನೇ ಇಲ್ಲಿಯೂ ತೋರಬೇಕಾದುದು ಅಗತ್ಯ. ಏಕೆಂದರೆ ಇಲ್ಲಿ ವ್ಯಯವಾಗುವುದು ಹಣಕ್ಕಿಂತ ಹೆಚ್ಚಾಗಿ ಮಾಲೀಕನ ಸಮಯ.

ಪದಗಳು ತಿಳಿಯದಿದ್ದರೆ ಆಗುವ ನಷ್ಟ

ಫೋನ್ ತಾನೇ ಅನುವಾದ ಮಾಡಿಕೊಡುವ ಈ ಕಾಲದಲ್ಲಿ ಪದಗಳನ್ನು ಕಂಠಪಾಠ ಮಾಡುವ ಶ್ರಮವೇಕೆ ಎಂಬ ಪ್ರಶ್ನೆ ಸಹಜ. ಅನುವಾದ ಯಂತ್ರಗಳು ಬಹಳ ಸುಧಾರಿಸಿವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಗೂಗಲ್‌ನ ಸೇವೆಗಳು ಚೀನಾದ ಮುಖ್ಯಭೂಮಿಯಲ್ಲಿ ಸಾಮಾನ್ಯವಾಗಿ ದೊರೆಯುವುದಿಲ್ಲ. ಅದರ ಅನುವಾದ ಸೇವೆಯೂ ಅಲ್ಲಿ 2022ರ ಅಕ್ಟೋಬರ್‌ನಲ್ಲಿ ಸ್ಥಗಿತಗೊಂಡಿತು. ಅತ್ತ ಚೀನೀ ಮಾರಾಟಗಾರರು ಸದಾ ಬಳಸುವ ವೀಚಾಟ್ ಭಾರತದಲ್ಲಿ 2020ರ ಜೂನ್ 29ರಂದು ನಿಷೇಧಕ್ಕೊಳಗಾದ 59 ಆ್ಯಪ್‌ಗಳಲ್ಲಿ ಒಂದು. ಈ ತೊಡಕುಗಳನ್ನು ಬದಿಗಿಟ್ಟರೂ, ಯಂತ್ರವು ಸರಿಯಾಗಿ ಅನುವಾದಿಸಿದಾಗಲೇ ವ್ಯಾಪಾರಿ ಮೋಸಹೋಗುವ ಸಂದರ್ಭಗಳುಂಟು.

ಚೀನೀ ಭಾಷೆಯಲ್ಲಿ ಮುಂಗಡ ಹಣಕ್ಕೆ ‘ಡಿಂಗ್‌ಜಿನ್’ ಎಂಬ ಎರಡು ಪದಗಳಿವೆ. ಎರಡರ ಉಚ್ಚಾರಣೆಯೂ, ಸ್ವರದ ಏರಿಳಿತವೂ ಒಂದೇ. ಬರವಣಿಗೆಯಲ್ಲಿ ಮಾತ್ರ ಮೊದಲ ಅಕ್ಷರ ಬೇರೆ. ಒಂದರ ನೆತ್ತಿಯ ಮೇಲೆ ಮನೆಯ ಮಾಡಿನಂತಹ ಗೆರೆಯಿದೆ. ಇನ್ನೊಂದರ ಎಡಭಾಗದಲ್ಲಿ ‘ಮಾತು’ ಎಂಬರ್ಥದ ಅಂಗವಿದೆ. ಮಾಡಿನ ಗುರುತುಳ್ಳದ್ದು ಕಾನೂನುಬದ್ಧ ಖಾತರಿ ಹಣ. 2021ರ ಜನವರಿ 1ರಿಂದ ಜಾರಿಯಲ್ಲಿರುವ ಚೀನಾದ ನಾಗರಿಕ ಸಂಹಿತೆಯ 587ನೇ ವಿಧಿಯ ಪ್ರಕಾರ, ಇದನ್ನು ಕೊಟ್ಟವನು ಮಾತಿಗೆ ತಪ್ಪಿ ಕರಾರಿನ ಉದ್ದೇಶವೇ ವಿಫಲವಾದರೆ ಹಣ ಹಿಂದಿರುಗುವುದಿಲ್ಲ. ಪಡೆದವನು ಹಾಗೆ ತಪ್ಪಿದರೆ ಇಮ್ಮಡಿಯಾಗಿ ಮರಳಿಸಬೇಕು. 586ನೇ ವಿಧಿಯು ಈ ಮೊತ್ತವನ್ನು ಕರಾರಿನ ಮೌಲ್ಯದ ಶೇ. 20ಕ್ಕೆ ಮಿತಿಗೊಳಿಸಿದೆ. ಎರಡನೆಯ ಪದವಾದರೋ ಬರಿಯ ಮುಂಗಡ. ಅದಕ್ಕೆ ಇಮ್ಮಡಿಯ ರಕ್ಷಣೆ ಇಲ್ಲ. ಇಂಗ್ಲಿಷಿಗೆ ತಿರುಗಿಸಿದಾಗ ಎರಡಕ್ಕೂ ‘ಡಿಪಾಜಿಟ್’ ಎಂದೇ ಬರುವುದುಂಟು.

ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ. ಹತ್ತು ಲಕ್ಷ ರೂಪಾಯಿಯ ಖರೀದಿಗೆ ರೂಢಿಯಂತೆ ಶೇ. 30, ಅಂದರೆ 3 ಲಕ್ಷ ರೂ. ಮುಂಗಡ ಹೋಗಿದೆ, ಮಾರಾಟಗಾರ ಸರಕು ಕಳುಹಿಸಲಿಲ್ಲ. ರಸೀದಿಯಲ್ಲಿ ಮೊದಲನೆಯ ಪದವಿದ್ದು ಕರಾರಿಗೆ ಚೀನೀ ಕಾನೂನು ಅನ್ವಯವಾಗುವಂತಿದ್ದರೆ 2 ಲಕ್ಷವು ಖಾತರಿ ಹಣವೆನಿಸಿ 4 ಲಕ್ಷವಾಗಿ ಮರಳಬೇಕು; ಉಳಿದ 1 ಲಕ್ಷವೂ ಬರಬೇಕು; ಒಟ್ಟು 5 ಲಕ್ಷ. ಎರಡನೆಯ ಪದವಿದ್ದರೆ ಕೇಳಬಹುದಾದದ್ದು ಕೊಟ್ಟ 3 ಲಕ್ಷವನ್ನು ಮಾತ್ರ. ಒಂದು ಅಕ್ಷರದ ಬೆಲೆ 2 ಲಕ್ಷ ರೂಪಾಯಿ. ಕೊಳ್ಳುವವನೇ ಹಿಂದೆ ಸರಿಯುವ ಸಂಭವವಿದ್ದರೆ ಇದೇ ಪದ ಅವನಿಗೆ ಮುಳುವಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಯಾವ ದೇಶದ ಕಾನೂನು ಅನ್ವಯಿಸುತ್ತದೆ ಎಂಬುದನ್ನು ಕರಾರಿನಲ್ಲಿಯೇ ನಮೂದಿಸಿ ವಕೀಲರ ಸಲಹೆ ಪಡೆಯುವುದು ಬೇರೆ ಮಾತು. ಆದರೆ ರಸೀದಿ ಕೈಗೆ ಬಂದ ಕ್ಷಣದಲ್ಲಿ ಅದನ್ನು ಗುರುತಿಸಬಲ್ಲವನು ಎದುರಿಗಿರುವ ವ್ಯಾಪಾರಿಯೊಬ್ಬನೇ.

ಬೆಲೆಯ ಮಾತಿನಲ್ಲಿಯೂ ಇಂತಹ ಗುಂಡಿಗಳಿವೆ. ‘ಯೀ ಬಾಯ್ ವೂ’ ಎಂಬುದನ್ನು ಪದಶಃ ಬಿಡಿಸಿದರೆ ‘ಒಂದು ನೂರು ಐದು’. ಕನ್ನಡಿಗನ ಕಿವಿಗೆ ಅದು ನೂರೈದೆಂದೇ ಕೇಳಿಸುತ್ತದೆ. ಆದರೆ ಚೀನೀಯರ ರೂಢಿಯಲ್ಲಿ ಅದು 150. ನೂರೈದು ಎನ್ನಬೇಕಾದರೆ ನಡುವೆ ಸೊನ್ನೆಯ ಪದ ಸೇರಿಸಿ ‘ಯೀ ಬಾಯ್ ಲಿಂಗ್ ವೂ’ ಎನ್ನುತ್ತಾರೆ. ರಿಯಾಯಿತಿಯ ವಿಷಯವಂತೂ ಇನ್ನೂ ಸೋಜಿಗ. ‘ಬಾ ಝ’ ಎಂದರೆ ಎಂಟರ ರಿಯಾಯಿತಿ, ಇದು ಶೇ. 80ರಷ್ಟು ಕಡಿತವಲ್ಲ, ಬೆಲೆಯ ಶೇ. 80ನ್ನು ಕೊಡಬೇಕೆಂದು ಅರ್ಥ. ಅಂದರೆ ಬಿಟ್ಟುಕೊಟ್ಟದ್ದು ಶೇ. 20 ಮಾತ್ರ. ಪೇಟೆಯಲ್ಲಿ ‘ಜಿನ್’ ಲೆಕ್ಕದಲ್ಲಿ ದರ ಹೇಳಿದರೆ ಅದು ಅರ್ಧ ಕಿಲೋವಿನ ದರ. ಕಿಲೋವಿಗೆ ‘ಗೊಂಗ್‌ಜಿನ್’ ಎಂಬ ಪದ ಬೇರೆಯೇ ಇದೆ.

ಮರೆವಿನ ಲೆಕ್ಕಾಚಾರ

ಇಂತಹ ಪದಗಳನ್ನು ಒಮ್ಮೆ ಓದಿ ತಿಳಿಯುವುದು ಕಷ್ಟವಲ್ಲ. ಮೂರು ತಿಂಗಳ ನಂತರ ಪೇಟೆಯಲ್ಲಿ ನಿಂತಾಗ ನೆನಪಿಗೆ ಬರಬೇಕಾದುದು ಕಷ್ಟ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಕಂಠಪಾಠ ಮಾಡಿ ಮರೆವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಎಂಬ ಅವರ ಅಳತೆಯಂತೆ, 20 ನಿಮಿಷಗಳ ನಂತರ ಉಳಿದದ್ದು ಸುಮಾರು ಶೇ. 58, ಒಂದು ದಿನದ ನಂತರ ಶೇ. 34, ಒಂದು ತಿಂಗಳ ನಂತರ ಶೇ. 21. ಸವಕಳಿಯು ಮೊದಲ ದಿನದಲ್ಲಿಯೇ ಅತಿ ಹೆಚ್ಚು, ಅನಂತರ ನಿಧಾನ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಇಳಿಕೆ ಮೌಲ್ಯ ಪದ್ಧತಿಯ ಸವಕಳಿಗಿಂತಲೂ ಕಡಿದಾದ ಇಳಿತ.

ಇದಕ್ಕೆ ಪರಿಹಾರವೇ ಅಂತರದ ಪುನರಾವರ್ತನೆ. ಮರೆಯುವ ಹಂತಕ್ಕೆ ಬರುವ ಹೊತ್ತಿಗೆ ಪದವನ್ನು ಮತ್ತೊಮ್ಮೆ ಕೇಳಿ ನೆನಪಿಸಿಕೊಳ್ಳುವುದು, ಸರಿಯಾಗಿ ಹೇಳಿದರೆ ಮುಂದಿನ ಬಾರಿಯ ಅಂತರವನ್ನು ಹೆಚ್ಚಿಸುವುದು, ತಪ್ಪಿದರೆ ಮತ್ತೆ ಹತ್ತಿರಕ್ಕೆ ತರುವುದು. ಉದ್ರಿ ವಸೂಲಿಯಲ್ಲಿ ನುರಿತ ಯಾವ ವರ್ತಕನಿಗೂ ಈ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಸರಿಯಾಗಿ ಹಣ ಕಟ್ಟುವ ಗಿರಾಕಿಯನ್ನು ತಿಂಗಳಿಗೊಮ್ಮೆ ವಿಚಾರಿಸಿದರೆ ಸಾಕು; ತಪ್ಪಿಸಿಕೊಳ್ಳುವವನ ಅಂಗಡಿಗೆ ದಿನವೂ ಆಳನ್ನು ಕಳುಹಿಸಬೇಕು. ಎಲ್ಲರನ್ನೂ ದಿನವೂ ವಿಚಾರಿಸುತ್ತ ಕುಳಿತರೆ ವ್ಯಾಪಾರ ಮಾಡಲು ಬಿಡುವಿರುವುದಿಲ್ಲ.

1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬುವರು ಇದನ್ನೇ ಕಾಗದದ ಕಾರ್ಡುಗಳೂ ಖಾನೆಗಳುಳ್ಳ ಪೆಟ್ಟಿಗೆಯೂ ಇದ್ದರೆ ಸಾಧಿಸಬಹುದೆಂದು ತೋರಿಸಿದರು. ಪೋಲೆಂಡಿನ ಪಿಯೋತ್ರ್ ವೋಜ್ನಿಯಾಕ್ 1987ರಲ್ಲಿ ಇದಕ್ಕೊಂದು ಗಣಕಸೂತ್ರ ರಚಿಸಿದರು. ಆ ಸೂತ್ರದಂತೆ ಮೊದಲ ಅಂತರ 1 ದಿನ, ಎರಡನೆಯದು 6 ದಿನ, ಅಲ್ಲಿಂದ ಮುಂದೆ ಪ್ರತಿ ಬಾರಿಯೂ ಆರಂಭದಲ್ಲಿ ಎರಡೂವರೆ ಪಟ್ಟು. ಅಂದರೆ 15, 38, 95 ದಿನಗಳು. ತಪ್ಪದೆ ಉತ್ತರಿಸಿದ ಪದವೊಂದನ್ನು ಐದು ತಿಂಗಳಲ್ಲಿ ಐದೇ ಬಾರಿ ನೋಡಿದರೆ ಸಾಕಾಗುತ್ತದೆ. ಚಕ್ರಬಡ್ಡಿಯು ಸಾಲಗಾರನ ವಿರುದ್ಧ ದುಡಿಯುವಂತೆ ಇದು ಕಲಿಯುವವನ ಪರವಾಗಿ ದುಡಿಯುತ್ತದೆ. ನಂತರದ ವರ್ಷಗಳಲ್ಲಿ ಬಂದ ಅನೇಕ ಆ್ಯಪ್‌ಗಳು ಈ ಸೂತ್ರವನ್ನೋ ಅದರ ಪರಿಷ್ಕೃತ ರೂಪವನ್ನೋ ಬಳಸುತ್ತವೆ.

ಮೊದಲು ಪಟ್ಟಿ, ಆಮೇಲೆ ಆ್ಯಪ್

ಆ್ಯಪ್‌ನ ಆಯ್ಕೆಗೆ ಮುನ್ನ ಕಲಿಯಬೇಕಾದ ಪದಗಳು ಯಾವುವೆಂಬುದನ್ನು ನಿರ್ಧರಿಸಿಕೊಳ್ಳಬೇಕು. ಬಹುಪಾಲು ಆ್ಯಪ್‌ಗಳು ಎಚ್‌ಎಸ್‌ಕೆ ಎಂಬ ಚೀನಾದ ಅಧಿಕೃತ ಭಾಷಾ ಪರೀಕ್ಷೆಯ ಪಟ್ಟಿಗಳನ್ನೇ ಮುಂದಿಡುತ್ತವೆ. 2010ರ ಪಟ್ಟಿಯಂತೆ ಮೊದಲ ಹಂತದಲ್ಲಿ 150 ಪದಗಳಿದ್ದವು. ಐದನೆಯ ಹಂತಕ್ಕೆ ಒಟ್ಟು 2,500, ಆರನೆಯದಕ್ಕೆ 5,000. 2021ರಲ್ಲಿ ಒಂಬತ್ತು ಹಂತಗಳ ಹೊಸ ಮಾನದಂಡ ಪ್ರಕಟವಾಗಿ ಮೊದಲ ಹಂತವೇ 500 ಪದಗಳಿಗೆ ಏರಿತು. ಪಟ್ಟಿಯ ಪರಿಷ್ಕರಣೆ ಅನಂತರವೂ ಮುಂದುವರಿದಿದೆ. ಆದುದರಿಂದ ಆ್ಯಪ್‌ನವರು ಹೇಳುವ ‘ಮೊದಲ ಹಂತ’ ಯಾವ ಪಟ್ಟಿಯದೆಂದು ವಿಚಾರಿಸುವುದು ಸೂಕ್ತ.

ಆದರೆ ವ್ಯಾಪಾರಿಗೆ ಈ ಪಟ್ಟಿಗಳಿಂದ ಆಗುವ ಪ್ರಯೋಜನ ಸೀಮಿತವೇ. 2010ರ ಮೊದಲ ಹಂತದಲ್ಲಿ ಬೆಕ್ಕು, ನಾಯಿ, ಸೇಬು, ವಿದ್ಯಾರ್ಥಿ ಎಲ್ಲವೂ ಇವೆ. ‘ಕೊಳ್ಳು’ ಎಂಬ ಪದ ಅಲ್ಲಿಯೇ ಇದ್ದರೆ ‘ಮಾರು’ ಎಂಬುದು ಎರಡನೆಯ ಹಂತಕ್ಕೆ ಹೋಗಿದೆ. ‘ಹಥೊಂಗ್’, ಅಂದರೆ ಕರಾರು, ಕಾಣಸಿಗುವುದು ಐದನೆಯ ಹಂತದಲ್ಲಿ. ಪಟ್ಟಿಯ ಕ್ರಮದಲ್ಲಿಯೇ ನಡೆದರೆ ಸಾವಿರಕ್ಕೂ ಹೆಚ್ಚು ಪದಗಳನ್ನು ಕಲಿತ ಮೇಲೆ ಕರಾರಿನ ಹೆಸರು ತಿಳಿಯುತ್ತದೆ! ವಿದ್ಯಾರ್ಥಿಗಳಿಗೆ ಆ ಕ್ರಮ ಸರಿಯಿರಬಹುದು. ಪ್ಲಾಸ್ಟಿಕ್ ಅಚ್ಚು ಮಾಡಿಸಲು ಹೋಗುವ ಉದ್ದಿಮೆದಾರನಿಗೆ ಬೇಕಾದ ಮೊದಲ ಪದ ‘ಮೂಜ್ಯೂ’, ಅಂದರೆ ಅಚ್ಚು.

ಆದುದರಿಂದ ತನ್ನ ವ್ಯವಹಾರದ ಹಳೆಯ ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ದರಪಟ್ಟಿಗಳನ್ನು ಮುಂದಿಟ್ಟುಕೊಂಡು ಸುಮಾರು 300 ಪದಗಳ ಸ್ವಂತ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಳ್ಳುವುದು ಉತ್ತಮ ಮಾರ್ಗ. ಸಂಖ್ಯೆಗಳು, ಅಳತೆಗಳು, ಬಣ್ಣಗಳು, ತನ್ನ ಸರಕಿನ ಹೆಸರುಗಳು, ಮಾದರಿ, ದರ, ಕನಿಷ್ಠ ಖರೀದಿ ಪ್ರಮಾಣ, ತೆರಿಗೆ ಸೇರಿದ ದರ ಮತ್ತು ಸೇರದ ದರ, ಸರಕು ಒಪ್ಪಿಸುವ ದಿನಾಂಕ. ಜೊತೆಗೆ ತೆರಿಗೆ ಇಲಾಖೆಯ ಮಾನ್ಯತೆಯುಳ್ಳ ‘ಫಾಪ್ಯಾವ್’ ಎಂಬ ಇನ್‌ವಾಯ್ಸಿಗೂ ಬರಿಯ ರಸೀದಿಯಾದ ‘ಶೋಜ್ಯೂ’ವಿಗೂ ಇರುವ ವ್ಯತ್ಯಾಸ; ಕರಾರಿನ ಮೇಲೆ ಬೀಳಬೇಕಾದ ಕಂಪನಿಯ ಮುದ್ರೆಯಾದ ‘ಗೊಂಗ್‌ಝಾಂಗ್’; ‘ಕಾರ್ಖಾನೆ’ ಮತ್ತು ‘ವ್ಯಾಪಾರ ಕಂಪನಿ’ ಎಂಬ ಪದಗಳು. ಭೇಟಿಚೀಟಿಯ ಮೇಲೆ ಕೊನೆಯ ಎರಡನ್ನು ಗುರುತಿಸಬಲ್ಲವನಿಗೆ ತಾನು ಮಾತನಾಡುತ್ತಿರುವುದು ತಯಾರಕನೊಡನೆಯೋ ಮಧ್ಯವರ್ತಿಯೊಡನೆಯೋ ಎಂಬುದರ ಸುಳಿವಾದರೂ ಸಿಗುತ್ತದೆ.

ಸಂಖ್ಯೆಗಳ ಬಗ್ಗೆ ಇನ್ನೊಂದು ಮಾತು. ಚೀನಾದಲ್ಲಿ ಹಣಕಾಸಿನ ದಾಖಲೆಗಳಿಗೆಂದೇ ಅಂಕಿಗಳ ಪ್ರತ್ಯೇಕ ರೂಪಗಳಿವೆ. ಸಾಮಾನ್ಯ ಬರವಣಿಗೆಯಲ್ಲಿ ‘ಒಂದು’ ಎಂಬುದು ಒಂದೇ ಅಡ್ಡಗೆರೆ. ಅದರ ಮೇಲೊಂದು ಉದ್ದಗೆರೆ ಎಳೆದರೆ ‘ಹತ್ತು’ ಆಗಿಬಿಡುತ್ತದೆ. ಇಂತಹ ತಿದ್ದುಪಡಿಗೆ ಅವಕಾಶವಿರಬಾರದೆಂದು ಇನ್‌ವಾಯ್ಸುಗಳಲ್ಲಿ ಮೊತ್ತವನ್ನು ಜಟಿಲವಾದ ಅಕ್ಷರಗಳಲ್ಲಿ ಬರೆಯುತ್ತಾರೆ. ನಾವು ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರಗಳಲ್ಲಿ ಬರೆದು ಕೊನೆಗೆ ‘ಮಾತ್ರ’ ಎಂದು ಸೇರಿಸುವಂತೆ ಅವರು ‘ಝಂಗ್’ ಎಂಬ ಅಕ್ಷರವನ್ನು ಸೇರಿಸುತ್ತಾರೆ. ಇವೆಲ್ಲ ಸೇರಿ ಹದಿನೈದರಷ್ಟು ಕಾರ್ಡುಗಳಾದಾವು. ಇವುಗಳನ್ನು ಕಲಿಸುವ ಸಿದ್ಧ ಪಾಠ ಆರಂಭಿಕರ ಆ್ಯಪ್‌ಗಳಲ್ಲಿ ಅಪರೂಪ.

ಯಾವ ಆ್ಯಪ್?

ಮೇಲಿನ ಕಾರಣಗಳಿಂದ, ಸ್ವಂತ ಕಾರ್ಡುಗಳನ್ನು ಮಾಡಿಕೊಳ್ಳಲು ಅವಕಾಶ ಕೊಡದ ಆ್ಯಪ್ ಎಷ್ಟೇ ಅಂದವಾಗಿದ್ದರೂ ವ್ಯಾಪಾರಿಗೆ ಪ್ರಧಾನ ಸಾಧನವಾಗಲಾರದು. 2017ರಲ್ಲಿ ಚೀನೀ ಪಾಠಗಳನ್ನು ಆರಂಭಿಸಿದ ಡ್ಯುಯೊಲಿಂಗೊ ಈ ವರ್ಗಕ್ಕೆ ಸೇರುತ್ತದೆ. ಭಾಷೆಯ ಪರಿಚಯಕ್ಕೆ, ಮನೆಯ ಮಕ್ಕಳಿಗೆ ಅದು ಒಳ್ಳೆಯದೇ; ಆದರೆ ಯಾವ ಪದ ಯಾವಾಗ ಬರಬೇಕೆಂಬುದು ಅವರ ಪಾಠಕ್ರಮಕ್ಕೆ ಬಿಟ್ಟದ್ದು. ಸ್ಕ್ರಿಟ್ಟರ್ ಎಂಬುದು ಅಕ್ಷರಗಳನ್ನು ಬೆರಳಿನಿಂದ ಬರೆಯಿಸಿ ಕಲಿಸುವುದರಲ್ಲಿ ಹೆಸರುವಾಸಿ, ಚಂದಾ ಕಟ್ಟಬೇಕು. ಕೈಬರಹ ವ್ಯಾಪಾರಿಗೆ ಅಷ್ಟಾಗಿ ಬೇಕಿಲ್ಲ. ಹ್ಯಾಕ್ ಚೈನೀಸ್ ಕೂಡ ಚಂದಾ ಆಧಾರಿತ. ಪದಗಳ ಪುನರಾವರ್ತನೆಯನ್ನು ಅಚ್ಚುಕಟ್ಟಾಗಿ ನಡೆಸುತ್ತದೆ, ಆದರೆ ಅರ್ಥವೆಲ್ಲ ಇಂಗ್ಲಿಷಿನಲ್ಲಿ.

ಗಂಭೀರವಾಗಿ ಪರಿಶೀಲಿಸಬೇಕಾದವು ಎರಡು: ಪ್ಲೆಕೊ ಮತ್ತು ಆಂಕಿ.

ಪ್ಲೆಕೊ ಮೂಲತಃ ನಿಘಂಟು. 2000ದ ಸುಮಾರಿಗೆ ಪಾಮ್ ಎಂಬ ಅಂಗೈ ಗಣಕಗಳ ಕಾಲದಲ್ಲಿ ಹುಟ್ಟಿ ಇಂದಿಗೂ ಬಳಕೆಯಲ್ಲಿರುವುದೇ ಅದರ ಯೋಗ್ಯತೆಗೆ ಸಾಕ್ಷಿ. ಮೂಲ ನಿಘಂಟು ಉಚಿತ. ಅಂತರಜಾಲ ಸಂಪರ್ಕವಿಲ್ಲದೆಯೂ ಕೆಲಸ ಮಾಡುತ್ತದೆ ಎಂಬುದು ಚೀನಾದಲ್ಲಿ ಓಡಾಡುವವರಿಗೆ ದೊಡ್ಡ ಅನುಕೂಲ. ಅಕ್ಷರವನ್ನು ಬೆರಳಿನಿಂದ ಗೀಚಿ ಹುಡುಕಬಹುದು. ಮುಖ್ಯಭೂಮಿಯ ಸರಳೀಕೃತ ಲಿಪಿ, ತೈವಾನ್-ಹಾಂಗ್‌ಕಾಂಗ್‌ಗಳ ಸಾಂಪ್ರದಾಯಿಕ ಲಿಪಿ ಎರಡನ್ನೂ ತೋರಿಸುತ್ತದೆ. ತೈವಾನಿನಿಂದ ಯಂತ್ರಭಾಗಗಳನ್ನು ತರಿಸುವವರು ಈ ಎರಡನೆಯ ಅಂಶವನ್ನು ಗಮನಿಸಬೇಕು. ಕ್ಯಾಮೆರಾದಿಂದ ಓದುವ ಸೌಲಭ್ಯಕ್ಕೂ ಪುನರಾವರ್ತನೆಯ ಕಾರ್ಡುಗಳ ಸೌಲಭ್ಯಕ್ಕೂ ಪ್ರತ್ಯೇಕ ಹಣ ತೆರಬೇಕು. ನಿಘಂಟಿನಲ್ಲಿ ಕಂಡ ಪದವನ್ನು ಒಂದೇ ಸ್ಪರ್ಶದಿಂದ ಕಾರ್ಡಾಗಿ ಪರಿವರ್ತಿಸಬಹುದಾದ್ದರಿಂದ ಶ್ರಮ ಬಹಳ ಉಳಿಯುತ್ತದೆ. ಇಲ್ಲಿಯೂ ಅರ್ಥಗಳು ಇಂಗ್ಲಿಷಿನಲ್ಲಿಯೇ ಇವೆ.

ಆಂಕಿ 2006ರಲ್ಲಿ ಡೇಮಿಯನ್ ಎಲ್ಮ್ಸ್ ಎಂಬುವರು ಬಿಡುಗಡೆ ಮಾಡಿದ ತಂತ್ರಾಂಶ. ಹೆಸರು ಜಪಾನೀ ಪದ, ಕಂಠಪಾಠವೆಂದು ಅರ್ಥ. ಇದರಲ್ಲಿ ಪಾಠವೂ ಇಲ್ಲ, ನಿಘಂಟೂ ಇಲ್ಲ. ಖಾಲಿ ಖಾತೆ ಪುಸ್ತಕದಂತೆ. ಬರೆದುಕೊಂಡದ್ದನ್ನು ಸರಿಯಾದ ದಿನಕ್ಕೆ ಮುಂದಿಡುವುದಷ್ಟೇ ಅದರ ಕೆಲಸ. 2023ರಲ್ಲಿ ಜಾರೆಟ್ ಯೇ ಎಂಬ ಚೀನೀ ಯುವಕ ರೂಪಿಸಿದ ಹೊಸ ಗಣನಾ ಪದ್ಧತಿಯನ್ನು ಇದರಲ್ಲಿ ಅಳವಡಿಸಲಾಯಿತು. ಎಷ್ಟು ಪ್ರತಿಶತ ನೆನಪಿರಬೇಕೆಂದು ಬಳಕೆದಾರನೇ ನಿಗದಿಪಡಿಸಬಹುದು. ಪೂರ್ವನಿಗದಿತ ಪ್ರಮಾಣ ಶೇ. 90. ಅದನ್ನು ಶೇ. 95ಕ್ಕೆ ಏರಿಸುವ ಆಸೆ ಸಹಜವಾದರೂ ಕೊನೆಯ ಐದು ಪ್ರತಿಶತಕ್ಕಾಗಿ ದಿನದ ಕೆಲಸ ಬಹಳವಾಗಿ ಹೆಚ್ಚುತ್ತದೆ; ಗುಣಮಟ್ಟ ತಪಾಸಣೆಯಲ್ಲಿ ದೋಷವನ್ನು ಸೊನ್ನೆಗೆ ಇಳಿಸಲು ಹೊರಟವರಿಗೆ ಈ ಅನುಭವ ಹೊಸದಲ್ಲ.

ಆಂಕಿಯ ಅತಿ ದೊಡ್ಡ ಗುಣವೆಂದರೆ ಕಾರ್ಡಿನ ಹಿಂಬದಿಯಲ್ಲಿ ಕನ್ನಡದಲ್ಲಿಯೇ ಅರ್ಥ ಬರೆದುಕೊಳ್ಳಬಹುದು. ಇದು ಅಭಿಮಾನದ ಮಾತಲ್ಲ, ಅನುಕೂಲದ ಮಾತು. ಚೀನೀಯರು ದೊಡ್ಡ ಸಂಖ್ಯೆಗಳನ್ನು ಹತ್ತು ಸಾವಿರದ ಘಟಕವಾದ ‘ವಾನ್’ನಿಂದ ಎಣಿಸುತ್ತಾರೆ. ‘ಷ್ ವಾನ್’, ಅಂದರೆ ಹತ್ತು ವಾನ್, ನಮ್ಮ ಒಂದು ಲಕ್ಷ. ಸಾವಿರ ವಾನ್ ನಮ್ಮ ಒಂದು ಕೋಟಿ. ಇಂಗ್ಲಿಷ್ ಕಾರ್ಡುಗಳಲ್ಲಿ ಇದು ನೂರು ಸಾವಿರ, ಹತ್ತು ಮಿಲಿಯನ್ ಎಂದು ಬರುತ್ತದೆ. ಅದನ್ನು ಮನಸ್ಸಿನಲ್ಲಿ ಲಕ್ಷ-ಕೋಟಿಗೆ ತಿರುಗಿಸಿ, ಆಮೇಲೆ ಯುವಾನಿನಿಂದ ರೂಪಾಯಿಗೆ ತಿರುಗಿಸುವಷ್ಟರಲ್ಲಿ ಎದುರಿನವನು ಮುಂದಿನ ಗಿರಾಕಿಯ ಕಡೆ ತಿರುಗಿರುತ್ತಾನೆ. ‘ಷ್ ವಾನ್ – ಒಂದು ಲಕ್ಷ’ ಎಂದು ನೇರವಾಗಿ ಕಲಿತರೆ ಒಂದು ಮೆಟ್ಟಿಲು ಉಳಿಯುತ್ತದೆ.

ಇದರ ದೋಷಗಳನ್ನೂ ಹೇಳಬೇಕು. ನೋಟಕ್ಕೆ ನೀರಸ, ಹೊಂದಾಣಿಕೆಗಳ ಪುಟವನ್ನು ಕಂಡರೆ ಆದಾಯ ತೆರಿಗೆಯ ನಮೂನೆಯೇ ವಾಸಿ ಎನಿಸೀತು. ಆರಂಭದಲ್ಲಿ ಆ ಪುಟವನ್ನು ಮುಟ್ಟದಿರುವುದೇ ಕ್ಷೇಮ. ಗಣಕಯಂತ್ರದಲ್ಲಿ ಉಚಿತ; ಆಂಡ್ರಾಯ್ಡ್ ಫೋನಿನಲ್ಲಿ ಸ್ವಯಂಸೇವಕರು ಸಿದ್ಧಪಡಿಸಿರುವ ‘ಆಂಕಿಡ್ರಾಯ್ಡ್’ ಕೂಡ ಉಚಿತ; ಐಫೋನಿನ ‘ಆಂಕಿಮೊಬೈಲ್’ಗೆ ಮಾತ್ರ ಸುಮಾರು 25 ಡಾಲರ್, ಅದೂ ಒಂದೇ ಬಾರಿ. ಹೆಸರನ್ನು ಹೋಲುವ ಬೇರೆ ಆ್ಯಪ್‌ಗಳೂ ಅಂಗಡಿಯಲ್ಲಿ ಇವೆ. ಟ್ರೇಡ್‌ಮಾರ್ಕಿನ ನಕಲು ಏನೆಂದು ಬಲ್ಲ ವರ್ತಕರು ಪೂರ್ತಿ ಹೆಸರನ್ನು ಓದಿಯೇ ಇಳಿಸಿಕೊಳ್ಳಬೇಕು.

ಒಟ್ಟಾರೆ, ಪ್ಲೆಕೊದ ಉಚಿತ ನಿಘಂಟನ್ನು ನೋಡಿ ಪದವನ್ನು ಖಚಿತಪಡಿಸಿಕೊಂಡು ಆಂಕಿಡ್ರಾಯ್ಡ್‌ನಲ್ಲಿ ಕನ್ನಡದ ಕಾರ್ಡು ಬರೆದುಕೊಳ್ಳುವ ಜೋಡಿ ವ್ಯವಸ್ಥೆಯು ನಮ್ಮ ಸಣ್ಣ ವರ್ತಕರಿಗೆ ಹೊಂದುತ್ತದೆ, ಖರ್ಚು ಸೊನ್ನೆ. ಇಂಗ್ಲಿಷಿನಲ್ಲಿ ಸಲೀಸಾಗಿ ವ್ಯವಹರಿಸುವವರು, ಕಾರ್ಡು ಬರೆಯುವ ತಾಳ್ಮೆಯಿಲ್ಲದವರು ಪ್ಲೆಕೊದ ಕಾರ್ಡು ಸೌಲಭ್ಯವನ್ನು ಕೊಂಡರೆ ಹಣ ವ್ಯರ್ಥವಾಗದು. ವಾರ್ಷಿಕ ಚಂದಾದವುಗಳನ್ನು ಕೊಳ್ಳುವ ಮುನ್ನ ಐವತ್ತು ಪದಗಳನ್ನು ಹಾಕಿ ಹತ್ತು ದಿನ ಪರೀಕ್ಷಿಸಿ ನೋಡುವುದು ಲೇಸು. ಚಂದಾ ತಾನಾಗಿಯೇ ನವೀಕರಣಗೊಳ್ಳುವ ಷರತ್ತನ್ನೂ ಗಮನಿಸಬೇಕು. ಬಿಲ್ಲು ಮಾಲೀಕರ ವೈಯಕ್ತಿಕ ಹೆಸರಿನಲ್ಲಿದ್ದು ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇಲ್ಲದಿದ್ದರೆ ಹೂಡುವಳಿ ತೆರಿಗೆ ಜಮೆ ಸಿಗದು. ಮೊತ್ತ ಅಲ್ಪವಾದ್ದರಿಂದ ಅದಕ್ಕಾಗಿ ಲೆಕ್ಕಪರಿಶೋಧಕರ ಸಮಯ ಹಾಳುಮಾಡುವುದೂ ಬೇಡ.

ಧ್ವನಿಯ ಪ್ರಶ್ನೆ

ಈ ಲೇಖನದಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿರುವ ಚೀನೀ ಪದಗಳು ಗುರುತಿಗೆ ಮಾತ್ರ. ಚೀನೀ ಭಾಷೆಯಲ್ಲಿ ಒಂದೇ ಉಚ್ಚಾರಕ್ಕೆ ನಾಲ್ಕು ಬಗೆಯ ಸ್ವರಗಳಿದ್ದು, ಸ್ವರ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಮಾಯ್’ ಎಂಬುದನ್ನು ಇಳಿಸಿ ಏರಿಸಿದರೆ ‘ಕೊಳ್ಳು’. ಮೇಲಿನಿಂದ ಕೆಳಕ್ಕೆ ಇಳಿಸಿದರೆ ‘ಮಾರು’. ಬರೆಯುವಾಗ ಕೊಳ್ಳುವುದರ ಆರು ಗೆರೆಗಳಿಗೆ ಮೇಲೆ ಎರಡು ಗೆರೆ ಸೇರಿಸಿದರೆ ಮಾರುವುದಾಗುತ್ತದೆ. ವ್ಯಾಪಾರದ ಮೂಲಪದಗಳೆರಡೂ ಇಷ್ಟು ಹತ್ತಿರವಿರುವಾಗ ಮಾನವ ಕಂಠದ ಸ್ಪಷ್ಟ ಧ್ವನಿಯಿಲ್ಲದ ಕಾರ್ಡುಗಳಿಂದ ಕಲಿಯುವುದು ಅಪಾಯಕರ. ನಾಲ್ಕಕ್ಕೆ ‘ಸ್’, ಹತ್ತಕ್ಕೆ ‘ಷ್’. ದಕ್ಷಿಣ ಚೀನಾದ ಅನೇಕರು ಇವೆರಡರ ವ್ಯಂಜನವನ್ನು ಬೇರ್ಪಡಿಸದೆ ನುಡಿಯುತ್ತಾರೆ. ಆಗ ಹದಿನಾಲ್ಕೋ ನಲವತ್ತೋ ಎಂಬುದನ್ನು ತಿಳಿಯಲು ಸ್ವರವೊಂದೇ ಆಧಾರ. ಸಂಶಯವಾದರೆ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸುವಂತೆ ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಅಲ್ಲಿಯವರೂ ಹಾಗೆಯೇ ಮಾಡುತ್ತಾರೆ.

ಕನ್ನಡಿಗರಿಗೆ ಒಂದು ಅನುಕೂಲವೂ ಇದೆ. ರೋಮನ್ ಲಿಪಿಯ ಪಿನ್‌ಯಿನ್ ಬರಹದಲ್ಲಿ ಬ, ಡ, ಗ ಎಂಬಂತೆ ಕಾಣುವ ಅಕ್ಷರಗಳು ವಾಸ್ತವವಾಗಿ ಅಲ್ಪಪ್ರಾಣದ ಪ, ತ, ಕಗಳಿಗೆ ಸಮೀಪ. ಪ, ಟ, ಕ ಎಂಬಂತೆ ಕಾಣುವವು ಮಹಾಪ್ರಾಣಗಳು. ಅಲ್ಪಪ್ರಾಣ-ಮಹಾಪ್ರಾಣ ಭೇದವನ್ನು ವರ್ಣಮಾಲೆಯಲ್ಲಿಯೇ ಕಲಿತವರಿಗೆ ಇದು ಬೇಗ ಹಿಡಿಯುತ್ತದೆ. ಕಾರ್ಡಿನಲ್ಲಿ ಧ್ವನಿಯ ಜೊತೆಗೆ ಹೀಗೊಂದು ಕನ್ನಡದ ಗುರುತು ಹಾಕಿಕೊಂಡರೆ ಸಾಕು.

ದಿನಚರಿ ಮತ್ತು ಬಾಕಿ

ದಿನಕ್ಕೆ ಐದು ಹೊಸ ಪದಗಳಂತೆ 300 ಪದಗಳಿಗೆ 60 ದಿನ. ಹೊಸ ಕಾರ್ಡುಗಳ ಏಳರಿಂದ ಹತ್ತು ಪಟ್ಟು ಹಳೆಯ ಕಾರ್ಡುಗಳು ದಿನವೂ ಮರುಭೇಟಿಗೆ ಬರುತ್ತವೆಂಬುದು ಬಳಸುವವರ ಸ್ಥೂಲ ಅಂದಾಜು. ಅಂದರೆ 35ರಿಂದ 50. ಹೊಸವೂ ಸೇರಿ ಹದಿನೈದು ನಿಮಿಷದ ಕೆಲಸ, ಎರಡು ತಿಂಗಳಿಗೆ ಒಟ್ಟು 15 ಗಂಟೆ. ಮೊದಲ ದಿನದ ಹುಮ್ಮಸ್ಸಿನಲ್ಲಿ ಮೂವತ್ತು ಪದಗಳನ್ನು ಹಾಕಿಕೊಂಡವರು ಎರಡನೆಯ ವಾರಕ್ಕೆ ಇನ್ನೂರರಿಂದ ಮುನ್ನೂರು ಮರುಭೇಟಿಗಳ ಹೊರೆಯಡಿ ಸಿಲುಕಿ ಆ್ಯಪ್ ಅನ್ನೇ ಅಳಿಸಿಬಿಡುತ್ತಾರೆ. ಬಂಡವಾಳಕ್ಕೆ ಮೀರಿ ದಾಸ್ತಾನು ಮಾಡಿದ ಅಂಗಡಿಯ ಗತಿಯೇ ಇದು.

ಮಾರ್ಚ್ ತಿಂಗಳ ವರ್ಷಾಂತ್ಯ, ದೀಪಾವಳಿಯ ವ್ಯಾಪಾರದ ದಿನಗಳಲ್ಲಿ ಹೊಸ ಪದಗಳನ್ನು ಸೊನ್ನೆಗೆ ಇಳಿಸಿ ಹಳೆಯವುಗಳನ್ನು ಮಾತ್ರ ನೋಡಿಕೊಂಡರೆ ಬಾಕಿ ಬೆಳೆಯುವುದಿಲ್ಲ. ಪೂರ್ತಿ ಬಿಟ್ಟರೆ ಬೆಳೆಯುತ್ತದೆ. ಎಷ್ಟು ಬಾರಿ ನೋಡಿದರೂ ತಲೆಗೆ ಹತ್ತದ ಕೆಲವು ಪದಗಳು ಇದ್ದೇ ಇರುತ್ತವೆ. ಎಂಟು ಬಾರಿ ಮರೆತ ಕಾರ್ಡನ್ನು ಆಂಕಿಯು ‘ಜಿಗಣೆ’ ಎಂದೇ ಗುರುತು ಮಾಡುತ್ತದೆ. ವಸೂಲಾಗದ ಸಾಲವನ್ನು ಪುಸ್ತಕದಲ್ಲಿ ಹೊತ್ತುಕೊಂಡು ಹೋಗುವುದಕ್ಕಿಂತ ಅದನ್ನು ತೆಗೆದುಹಾಕಬೇಕು, ಇಲ್ಲವೇ ಒಂದು ಚಿಕ್ಕ ವಾಕ್ಯದೊಳಗೆ ಸೇರಿಸಿ ಹೊಸದಾಗಿ ಬರೆಯಬೇಕು. ಎರಡು ‘ಡಿಂಗ್‌ಜಿನ್’ಗಳಂತಹ ಜೋಡಿಗಳನ್ನು ಒಂದೇ ಕಾರ್ಡಿನಲ್ಲಿ ಅಕ್ಕಪಕ್ಕ ಇಟ್ಟು, ವ್ಯತ್ಯಾಸವನ್ನೇ ಪ್ರಶ್ನೆಯಾಗಿ ಕೇಳಿಕೊಳ್ಳುವುದು ಪರಿಣಾಮಕಾರಿ.

ಚಂದಾ ಉಳಿಸಲೆಂದು ಮಾಲೀಕರೂ ಖರೀದಿ ವಿಭಾಗದ ನೌಕರರೂ ಒಂದೇ ಖಾತೆಯನ್ನು ಹಂಚಿಕೊಳ್ಳುವುದು ತಪ್ಪು ಉಳಿತಾಯ. ಆ್ಯಪ್ ಲೆಕ್ಕ ಇಡುವುದು ಒಬ್ಬನ ಮರೆವನ್ನು. ಇಬ್ಬರ ಉತ್ತರಗಳು ಬೆರೆತರೆ ಅಂತರಗಳೆಲ್ಲ ಅಸ್ತವ್ಯಸ್ತವಾಗಿ ಇಬ್ಬರಿಗೂ ಉಪಯೋಗವಾಗುವುದಿಲ್ಲ. ಹಂಚಿಕೊಳ್ಳಬಹುದಾದದ್ದು ಪದಗಳ ಪಟ್ಟಿಯನ್ನು. ಆದುದರಿಂದ ಕಾರ್ಡುಗಳನ್ನು ಕಡತವಾಗಿ ಹೊರತೆಗೆಯಲು ಬರುವ ಆ್ಯಪ್ ಅನ್ನೇ ಆರಿಸಬೇಕು. ಆಂಕಿ, ಪ್ಲೆಕೊ ಎರಡರಲ್ಲಿಯೂ ಇದು ಸಾಧ್ಯ. ಕಲಿತ ನೌಕರ ಬೇರೆ ಕಡೆಗೆ ಹೋದರೂ ಪಟ್ಟಿಯು ಸಂಸ್ಥೆಯಲ್ಲಿ ಉಳಿಯುತ್ತದೆ. ಆ್ಯಪ್ ನಡೆಸುವ ಕಂಪನಿಯೇ ಮುಚ್ಚಿದರೂ ಅಷ್ಟೇ.

ಫೋನಿನ ಗೊಡವೆ ಬೇಡವೆನ್ನುವ ಹಿರಿಯ ವರ್ತಕರಿಗೆ ಲೈಟ್ನರರ ಪೆಟ್ಟಿಗೆ ಇದ್ದೇ ಇದೆ. ಐದು ಖಾನೆಗಳ ರಟ್ಟಿನ ಪೆಟ್ಟಿಗೆ, ಮುನ್ನೂರು ಚೀಟಿಗಳು. ಸರಿ ಹೇಳಿದ್ದು ಮುಂದಿನ ಖಾನೆಗೆ, ತಪ್ಪಿದ್ದು ಮೊದಲ ಖಾನೆಗೆ. ಧ್ವನಿ ಮಾತ್ರ ಇರುವುದಿಲ್ಲ.

ಪ್ರಯಾಣ ಹೊರಡುವವರು ಆ್ಯಪ್, ಧ್ವನಿ ಕಡತಗಳು, ನಿಘಂಟು ಎಲ್ಲವನ್ನೂ ಭಾರತದಲ್ಲಿಯೇ ಇಳಿಸಿಕೊಂಡು, ಫೋನನ್ನು ವಿಮಾನ ಸ್ಥಿತಿಗೆ ಹಾಕಿ ಎಲ್ಲವೂ ತೆರೆಯುತ್ತವೆಯೇ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಗೂಗಲ್‌ನ ಆ್ಯಪ್ ಅಂಗಡಿ ಚೀನಾದಲ್ಲಿ ತೆರೆಯುವುದಿಲ್ಲ. ಕ್ಯಾಂಟನ್ ಮೇಳವು ವಸಂತದಲ್ಲಿ ಏಪ್ರಿಲ್ ಮಧ್ಯಭಾಗದಿಂದಲೂ ಶರತ್ಕಾಲದಲ್ಲಿ ಅಕ್ಟೋಬರ್ ಮಧ್ಯಭಾಗದಿಂದಲೂ ಮೂರು ಹಂತಗಳಲ್ಲಿ ನಡೆಯುವುದರಿಂದ, ಶರತ್ಕಾಲದ ಮೇಳಕ್ಕೆ ಹೊರಡುವವರು ಆಗಸ್ಟ್ ಮೊದಲ ವಾರದಲ್ಲಿಯೇ ಮೊದಲ ಐದು ಕಾರ್ಡುಗಳನ್ನು ಬರೆದುಕೊಂಡಿರಬೇಕಾಗುತ್ತದೆ.